ಬಿಲಿಯರ್ಡ್ಸ್, ಸ್ನೂಕರ್, ಪೂಲ್: ಮಗಳಿಗೆ ಮೊದಲು ಯಾವುದನ್ನು ಕಲಿಸಲಿ?

ದಾವಣಗೆರೆ ಅಪ್ಪ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 13 ವರ್ಷ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ಅವಳ ಸೋದರಮಾವ ಒಂದು ಪೂಲ್ ಪಾರ್ಲರ್‌ಗೆ ಕರೆದುಕೊಂಡು ಹೋಗಿದ್ದ, ಅವತ್ತಿನಿಂದ ಅದೇ ಧ್ಯಾನ. ಊಟಕ್ಕೆ ಕೂತಾಗಲೂ ಮೊಬೈಲ್‌ನಲ್ಲಿ ಸ್ನೂಕರ್ ಓಡುತ್ತಿರುತ್ತದೆ. ನಮ್ಮ ಊರಲ್ಲೂ ಒಂದು ಕಡೆ ಟೇಬಲ್‌ಗಳಿವೆ, ಎರಡು ದೊಡ್ಡವು, ಮೂರು ಚಿಕ್ಕವು. ಹೋಗಿ ವಿಚಾರಿಸಿದೆ. ಚಿಕ್ಕವು ಪೂಲ್‌ಗೆ, ದೊಡ್ಡವು ಸ್ನೂಕರ್‌ಗೆ, ಬೇಕಾದರೆ ಅದರಲ್ಲೇ ಬಿಲಿಯರ್ಡ್ಸ್ ಕೂಡ ಆಡಬಹುದು, ಆದರೆ ಅದನ್ನು ಈಗ ಯಾರೂ ಕೇಳುವುದಿಲ್ಲ ಅಂದರು.

ನನಗೆ ಗೊಂದಲ ಇರುವುದು ಇಲ್ಲೇ. ಒಂದೇ ಮೇಜು, ಒಂದೇ ಕೋಲು, ಚೆಂಡು ಮಾತ್ರ ಬೇರೆ ಅಂದರೆ ಆಟ ಅಷ್ಟೊಂದು ಬೇರೆ ಹೇಗಾಗುತ್ತದೆ? ನಿಯಮಗಳನ್ನು ಓದಿದೆ, ಎಷ್ಟು ಚೆಂಡು, ಯಾವ ಬಣ್ಣಕ್ಕೆ ಎಷ್ಟು ಅಂಕ ಅಂತ ಗೊತ್ತಾಯಿತು, ಆದರೆ ಆಡುವವರಿಗೆ ಆಗುವ ವ್ಯತ್ಯಾಸ ಏನು ಅಂತ ತಿಳಿಯಲಿಲ್ಲ. ಇನ್ನೊಂದು, ಪೂಲ್‌ನಿಂದ ಶುರು ಮಾಡಿದರೆ ಕೈ ಕೆಡುತ್ತದೆ, ಆಮೇಲೆ ಸ್ನೂಕರ್ ಬರುವುದಿಲ್ಲ ಅಂತ ಪರಿಚಯದವರೊಬ್ಬರು ಹೆದರಿಸಿದ್ದಾರೆ. ನಿಜವಾ? ಹುಡುಗಿ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾಳೆ, ಹಾಗಾಗಿ ಸರಿಯಾದ ಕಡೆಯಿಂದ ಶುರು ಮಾಡಿಸಬೇಕು ಅಂತ ಆಸೆ. ಆಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಹಸಿರು ಮೇಜು:

ಒಳ್ಳೆಯ ಪ್ರಶ್ನೆ. ಚೆಂಡಿನ ಲೆಕ್ಕ ಬಿಡಿ, ಒಂದೇ ಒಂದು ಘಟನೆ ತೆಗೆದುಕೊಳ್ಳಿ. ನೀವು ಬಿಳಿ ಚೆಂಡನ್ನು ಹೊಡೆದಿರಿ, ಅದು ಕೆಂಪು ಚೆಂಡಿಗೆ ತಾಗಿ ತಾನೇ ಹೋಗಿ ಪಾಕೆಟ್‌ಗೆ ಬಿತ್ತು. ಬಿಲಿಯರ್ಡ್ಸ್‌ನಲ್ಲಿ ಇದಕ್ಕೆ 3 ಅಂಕ, ಇನ್-ಆಫ್ ಅನ್ನುತ್ತಾರೆ, ನಿಮ್ಮ ಸರದಿಯೇ ಮುಂದುವರಿಯುತ್ತದೆ. ಸ್ನೂಕರ್‌ನಲ್ಲಿ ಇದೇ ಫೌಲ್, ಎದುರಾಳಿಗೆ ಕನಿಷ್ಠ 4 ಅಂಕ ಹೋಗುತ್ತದೆ, ಅವರು ಬಿಳಿ ಚೆಂಡನ್ನು 'ಡಿ' (ಮೇಜಿನ ಒಂದು ತುದಿಯಲ್ಲಿ ಎಳೆದಿರುವ ಅರ್ಧವೃತ್ತ) ಒಳಗೆ ಇಟ್ಟು ಆಡುತ್ತಾರೆ. ಪೂಲ್‌ನಲ್ಲಿ ಅಂಕವೇ ಇಲ್ಲ, ಆದರೆ ಎದುರಾಳಿ ಬಿಳಿ ಚೆಂಡನ್ನು ಕೈಯಲ್ಲಿ ಎತ್ತಿಕೊಂಡು ಮೇಜಿನ ಮೇಲೆ ತನಗೆ ಬೇಕಾದ ಜಾಗದಲ್ಲಿ ಇಡಬಹುದು, ಒಳ್ಳೆಯ ಆಟಗಾರ ಆದರೆ ಅಲ್ಲಿಗೆ ಆ ರ್‍ಯಾಕ್ (ಒಂದು ಸುತ್ತಿನ ಆಟ) ಮುಗಿದ ಹಾಗೆ. ನೋಡಿ, ಕೋಲಿನಿಂದ ಹೊಡೆದದ್ದು ಒಂದೇ ಹೊಡೆತ, ಒಂದು ಆಟದಲ್ಲಿ ಬಹುಮಾನ, ಇನ್ನೊಂದರಲ್ಲಿ ದಂಡ, ಮತ್ತೊಂದರಲ್ಲಿ ಆಟವೇ ಕೈಬಿಟ್ಟು ಹೋಗಬಹುದು. ಹಾಗಾಗಿ ಮೇಜಿನ ಮುಂದೆ ನಿಂತಾಗ ತಲೆಯಲ್ಲಿ ಓಡುವ ಯೋಚನೆಯೇ ಬೇರೆ.

ಸ್ನೂಕರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳು ನೋಡುತ್ತಿರುವುದು ಅದೇ. 15 ಕೆಂಪು, 6 ಬಣ್ಣ, ಒಂದು ಬಿಳಿ. ಒಂದು ಕೆಂಪು, ಒಂದು ಬಣ್ಣ, ಮತ್ತೆ ಕೆಂಪು, ಮತ್ತೆ ಬಣ್ಣ. ಪ್ರತಿ ಕೆಂಪಿನ ಜೊತೆ ಕಪ್ಪನ್ನೇ ಪಾಟ್ ಮಾಡಿದರೆ (ಪಾಕೆಟ್‌ಗೆ ಬೀಳಿಸಿದರೆ) 15 ಸಲ 8 (ಕೆಂಪಿಗೆ 1, ಕಪ್ಪಿಗೆ 7) ಅಂದರೆ 120, ಕೊನೆಗೆ ಬಣ್ಣಗಳ 27 ಸೇರಿ 147. ಟಿವಿಯಲ್ಲಿ ಸುಲಭವಾಗಿ ಕಾಣುತ್ತದೆ. ಆದರೆ ಮೇಜು 12 ಅಡಿ ಉದ್ದ, 6 ಅಡಿ ಅಗಲ, ಚೆಂಡು ಬರೀ 52.5 ಮಿಲಿಮೀಟರ್. ಎಲ್ಲಕ್ಕಿಂತ ಮುಖ್ಯ ಪಾಕೆಟ್‌ನ ಬಾಯಿ. ಸ್ನೂಕರ್ ಪಾಕೆಟ್‌ನ ಅಂಚು ದುಂಡಗೆ ತಿರುಗಿರುತ್ತದೆ, ಪೂಲ್‌ನಲ್ಲಿ ಕತ್ತರಿಸಿದ ಹಾಗೆ ಮೂಲೆ ಇರುತ್ತದೆ. ನಾಳೆ ಹೋದಾಗ ಒಂದು ಚೆಂಡನ್ನು ಕುಷನ್‌ಗೆ (ಮೇಜಿನ ಅಂಚಿನ ರಬ್ಬರ್ ಪಟ್ಟಿಗೆ) ಅಂಟಿಸಿ ಇಟ್ಟು ಮೂಲೆಯ ಪಾಕೆಟ್‌ಗೆ ಹೊಡೆಯಲು ಮಗಳಿಗೆ ಹೇಳಿ, ಎರಡೂ ಮೇಜಿನ ಮೇಲೆ. ಪೂಲ್‌ನಲ್ಲಿ ಚೆಂಡು ಕುಷನ್‌ಗೆ ಸ್ವಲ್ಪ ಮೊದಲೇ ಉಜ್ಜಿದರೂ ಎಷ್ಟೋ ಸಲ ಒಳಗೆ ಬೀಳುತ್ತದೆ. ಸ್ನೂಕರ್‌ನಲ್ಲಿ ಆ ದುಂಡು ಅಂಚಿಗೆ ತಾಗಿ ಟಕಟಕ ಅಂತ ಅತ್ತಿತ್ತ ಬಡಿದು ಬಾಯಲ್ಲೇ ನಿಂತುಬಿಡುತ್ತದೆ. ಗಟ್ಟಿಯಾಗಿ ಹೊಡೆದಷ್ಟೂ ಒಳಗೆ ಹೋಗುವ ಸಾಧ್ಯತೆ ಕಡಿಮೆ.

ಬಟ್ಟೆಯೂ ಬೇರೆ. ಸ್ನೂಕರ್ ಬಟ್ಟೆಗೆ ಸಣ್ಣ ಉಣ್ಣೆಯ ಎಳೆ ಇರುತ್ತದೆ, ನ್ಯಾಪ್ ಅನ್ನುತ್ತಾರೆ. ಅದು ಬಾಕ್ (ಮೇಜಿನ 'ಡಿ' ಇರುವ ತುದಿ) ಕಡೆಯಿಂದ ಕಪ್ಪು ಚೆಂಡಿನ ಕಡೆಗೆ ಮಲಗಿರುತ್ತದೆ. ಮಾರ್ಕರ್‌ಗಳು (ಮೇಜು ನೋಡಿಕೊಳ್ಳುವವರು) ಯಾವಾಗಲೂ ಅದೇ ದಿಕ್ಕಿನಲ್ಲಿ ಬ್ರಷ್ ಹಾಕಿ ಆಮೇಲೆ ಇಸ್ತ್ರಿ ಮಾಡುವುದನ್ನು ಗಮನಿಸಿ. ನಿಧಾನವಾಗಿ ಹೊಡೆದಾಗ, ಅದರಲ್ಲೂ ಸೈಡ್ ಹಾಕಿದಾಗ (ಬಿಳಿಯ ಎಡಕ್ಕೋ ಬಲಕ್ಕೋ ಹೊಡೆದು ಗಿರಕಿ ಕೊಟ್ಟಾಗ), ಈ ಎಳೆಯ ದಿಕ್ಕು ಚೆಂಡನ್ನು ಎಳೆಯುತ್ತದೆ. ಪೂಲ್ ಬಟ್ಟೆ ನುಣುಪು, ಅಲ್ಲಿ ಈ ತಾಪತ್ರಯ ಇಲ್ಲ, ಚೆಂಡು ಸರಾಗವಾಗಿ ಓಡುತ್ತದೆ.

ನನ್ನ ಸಲಹೆ ನೇರವಾಗಿ ಹೇಳುತ್ತೇನೆ. ದೊಡ್ಡ ಮೇಜಿನ ಮೇಲೆ ಶುರು ಮಾಡಿಸಿ. 13ಕ್ಕೆ ಕೈ ಎಟುಕುವುದಿಲ್ಲ ಅಂತ ಕೆಲವರು ಹೇಳುತ್ತಾರೆ, ರೆಸ್ಟ್ (ದೂರದ ಹೊಡೆತಕ್ಕೆ ಕೋಲನ್ನು ಊರಿಕೊಳ್ಳುವ ಆಸರೆ) ಇರುವುದೇ ಅದಕ್ಕೆ. ನೇರವಾಗಿ ಕೋಲು ನೂಕುವುದು ಅಲ್ಲಿ ಕಲಿತರೆ ಮಿಕ್ಕಿದ್ದಕ್ಕೆಲ್ಲ ಅದೇ ಬಂಡವಾಳ.

ಟಿಪ್ಪು ಚಾಕು:

ಮೇಲಿನವರು ಪೂಲ್‌ನ ಬಗ್ಗೆ ಒಂದೆರಡು ಮಾತಲ್ಲಿ ಮುಗಿಸಿದರು, ನನಗೆ ಬೇಜಾರಾಯಿತು. ಪಾಕೆಟ್ ದೊಡ್ಡದು ಅಂದ ಮಾತ್ರಕ್ಕೆ ಆಟ ಸುಲಭ ಅಂತ ಅಲ್ಲ, ಪಾಟ್ ಮಾಡುವುದು ಸುಲಭ ಅಷ್ಟೇ. ಕಷ್ಟ ಬೇರೆ ಕಡೆ ಇದೆ.

ಎಯ್ಟ್ ಬಾಲ್‌ನಲ್ಲಿ ಒಬ್ಬರಿಗೆ 1ರಿಂದ 7, ಇನ್ನೊಬ್ಬರಿಗೆ 9ರಿಂದ 15ರ ಪಟ್ಟೆ ಚೆಂಡುಗಳು, ತಮ್ಮದು ಮುಗಿಸಿದ ಮೇಲೆ ಕಪ್ಪು 8. ನಿಮ್ಮ ಏಳು ಚೆಂಡುಗಳಲ್ಲಿ ಆರನ್ನು ಚಕಚಕ ಅಂತ ಪಾಟ್ ಮಾಡಿ ಏಳನೆಯದು ಎಲ್ಲೋ ಸಿಕ್ಕಿಕೊಂಡಿದ್ದರೆ ನೀವು ಎದುರಾಳಿಗೆ ದಾರಿ ತೆರೆದುಕೊಟ್ಟಿದ್ದೀರಿ ಅಂತಲೇ ಅರ್ಥ. ಯಾವ ಚೆಂಡು ಮೊದಲು, ಯಾವುದು ಕೊನೆಗೆ ಅಂತ ಬ್ರೇಕ್ (ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ) ಆದ ಕೂಡಲೇ ಓದಿಕೊಳ್ಳಬೇಕು. ನೈನ್ ಬಾಲ್ ಇನ್ನೂ ಬೇರೆ. ಮೇಜಿನ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೇ ಬಿಳಿ ಮೊದಲು ತಾಗಬೇಕು. 1ನ್ನು ಪಾಟ್ ಮಾಡಿ, 2 ಮೇಜಿನ ಆ ತುದಿಯಲ್ಲಿದ್ದರೆ ಬಿಳಿಯನ್ನು ಎರಡು ಮೂರು ಕುಷನ್ ಸುತ್ತಿಸಿ ಅಲ್ಲಿಗೇ ಕಳಿಸಬೇಕು. ಸ್ನೂಕರ್‌ನಲ್ಲಿ ಕಪ್ಪು ಸಿಗದಿದ್ದರೆ ಪಿಂಕ್, ಅದೂ ಆಗದಿದ್ದರೆ ಬ್ಲೂ ಅಂತ ಆಯ್ಕೆ ಇರುತ್ತದೆ, ನೈನ್ ಬಾಲ್‌ನಲ್ಲಿ ಆ ಅನುಕೂಲ ಇಲ್ಲ. ಜೊತೆಗೆ ಬ್ರೇಕ್ ಬೇರೆ. ಸ್ನೂಕರ್‌ನಲ್ಲಿ ಮೊದಲ ಹೊಡೆತ ಮೆಲ್ಲಗೆ, ಕೆಂಪಿನ ಅಂಚಿಗೆ ತಾಗಿಸಿ ಬಿಳಿಯನ್ನು ವಾಪಸ್ ತಂದುಕೊಳ್ಳುವುದು. ಪೂಲ್‌ನಲ್ಲಿ ಇಡೀ ಮೈ ಬಲ ಹಾಕಿ ಒಡೆಯುತ್ತಾರೆ, ಒಡೆದ ಮೇಲೂ ಬಿಳಿ ಮೇಜಿನ ನಡುವೆ ನಿಲ್ಲಬೇಕು. ಎದುರಾಳಿಯ ಚೆಂಡಿನ ಮೇಲಿಂದ ಬಿಳಿಯನ್ನು ಹಾರಿಸುವ ಜಂಪ್ ಶಾಟ್ ಇಲ್ಲಿ ನಿಯಮಬದ್ಧ, ಸ್ನೂಕರ್‌ನಲ್ಲಿ ಫೌಲ್.

ಕೈ ಕೆಡುತ್ತದೆ ಅನ್ನುವುದು ಸುಮ್ನೆ ಹೆದರಿಸುವ ಮಾತು. ಇಂಗ್ಲೆಂಡಿನ ಆಲಿಸನ್ ಫಿಶರ್ ಮಹಿಳೆಯರ ವಿಶ್ವ ಸ್ನೂಕರ್ ಪ್ರಶಸ್ತಿ ಏಳು ಸಲ ಗೆದ್ದು, 1995ರಲ್ಲಿ ಅಮೆರಿಕಕ್ಕೆ ಹೋಗಿ ಪೂಲ್‌ಗೆ ಇಳಿದರು, ಅಲ್ಲೂ ದಶಕಗಟ್ಟಲೆ ಮೇಲೆಯೇ ಇದ್ದರು. ಅವರು ಸ್ನೂಕರ್‌ನಿಂದ ಬಂದವರು, ಅದು ಮೇಲಿನವರ ವಾದಕ್ಕೇ ಬಲ ಕೊಡುತ್ತದೆ ಅಂತ ಗೊತ್ತು. ಆದರೂ ಹೇಳುತ್ತೇನೆ: 13 ವರ್ಷದ ಮಗುವಿಗೆ ಮೊದಲ ತಿಂಗಳಲ್ಲಿ ಬೇಕಾಗುವುದು ಚೆಂಡು ಬೀಳುವ ಶಬ್ದ. 12 ಅಡಿ ಮೇಜಿನ ಮೇಲೆ ಒಂದು ಗಂಟೆ ಆಡಿ ನಾಲ್ಕು ಚೆಂಡೂ ಬೀಳದೆ ಮಕ್ಕಳು ಆಟ ಬಿಟ್ಟಿದ್ದನ್ನು ತುಂಬಾ ನೋಡಿದ್ದೇನೆ. ಪೂಲ್ ಮೇಜಿನ ಮೇಲೆ ಸ್ಕ್ರೂ (ಬಿಳಿ ಹಿಂದಕ್ಕೆ ಬರುವುದು), ಫಾಲೋ (ಮುಂದಕ್ಕೆ ಹೋಗುವುದು), ಸೈಡ್ ಎಲ್ಲ ಏನು ಮಾಡುತ್ತವೆ ಅಂತ ಕಣ್ಣಿಗೆ ಬೇಗ ಕಾಣುತ್ತದೆ. ಅವಳಿಗೆ ಖುಷಿ ಕೊಟ್ಟದ್ದು ಪೂಲ್ ಅಲ್ವಾ, ಅದನ್ನೇ ಕಿತ್ತುಕೊಳ್ಳುವುದು ಯಾಕೆ?

ಇನ್-ಆಫ್ ಪ್ರೇಮಿ:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಬಿಲಿಯರ್ಡ್ಸ್ ಅನ್ನು ಯಾರೂ ಕೇಳುವುದಿಲ್ಲ ಅನ್ನುವ ಮಾತನ್ನು ಹಾಗೇ ಬಿಟ್ಟಿದ್ದೀರಿ. ಬಿಡಬಾರದು, ಅದೂ ಕರ್ನಾಟಕದಲ್ಲಿ ಕೂತು.

ಮೇಜಿನ ಮೇಲೆ ಮೂರೇ ಚೆಂಡು. ನಿಮ್ಮ ಬಿಳಿ, ಎದುರಾಳಿಯ ಹಳದಿ, ಒಂದು ಕೆಂಪು. ನಿಮ್ಮ ಚೆಂಡು ಉಳಿದ ಎರಡಕ್ಕೂ ತಾಗಿದರೆ ಕ್ಯಾನನ್, 2 ಅಂಕ. ಕೆಂಪನ್ನು ಪಾಟ್ ಮಾಡಿದರೆ 3, ಕೆಂಪಿನಿಂದ ಇನ್-ಆಫ್ ಆದರೆ 3, ಎದುರಾಳಿಯ ಚೆಂಡಿನ ಪಾಟ್ ಅಥವಾ ಅದರಿಂದ ಇನ್-ಆಫ್ ಆದರೆ 2. ಇಷ್ಟೇ. ಆದರೆ ಎದುರಾಳಿಯ ಚೆಂಡನ್ನು ಪಾಟ್ ಮಾಡಿ 2 ಅಂಕ ತೆಗೆದುಕೊಂಡರೆ ನಿಮ್ಮ ಸರದಿ ಮುಗಿಯುವವರೆಗೆ ಆ ಚೆಂಡು ವಾಪಸ್ ಬರುವುದಿಲ್ಲ, ಕ್ಯಾನನ್ ಆಡಲು ಎರಡನೆಯ ಚೆಂಡೇ ಇರುವುದಿಲ್ಲ. ಅಂಕ ಸಿಕ್ಕಿತು, ದಾರಿ ಮುಚ್ಚಿತು. ಸ್ನೂಕರ್‌ನಲ್ಲಿ ನೀವು ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸುತ್ತೀರಿ, ಹೊಡೆದ ಚೆಂಡು ಪಾಕೆಟ್‌ನಲ್ಲಿ ಹೋಗಿಬಿಡುತ್ತದೆ. ಬಿಲಿಯರ್ಡ್ಸ್‌ನಲ್ಲಿ ಮೂರೂ ಚೆಂಡು ಎಲ್ಲಿ ಹೋಗಿ ನಿಲ್ಲುತ್ತವೆ ಅಂತ ಒಟ್ಟಿಗೆ ಯೋಚಿಸಬೇಕು. ಕೆಂಪಿಗೆ ಎಷ್ಟು ದಪ್ಪ ತಾಗಬೇಕು, ಅರ್ಧವೋ ಕಾಲೋ, ಎಷ್ಟು ವೇಗ, ಅದು ಕುಷನ್‌ಗೆ ಬಡಿದು ಎಲ್ಲಿಗೆ ವಾಪಸ್ ಬರುತ್ತದೆ, ಇದು ಕೈಗೆ ಹತ್ತಿದ ಮೇಲೆ ಬೇರೆ ಯಾವ ಆಟಕ್ಕೆ ಹೋದರೂ ಮೇಜು ಪರಿಚಯದ ಊರಿನ ಹಾಗೆ ಕಾಣುತ್ತದೆ.

ಇದು ಹಿಂದೆ ಬಿದ್ದದ್ದು ಆಟ ಕೆಟ್ಟದ್ದು ಅಂತ ಅಲ್ಲ. ಆಡುವವರು ವಿಪರೀತ ಚೆನ್ನಾಗಿ ಆಡಿದರು. 1907ರಲ್ಲಿ ಟಾಮ್ ರೀಸ್ ಎರಡು ಚೆಂಡನ್ನು ಪಾಕೆಟ್ ಬಾಯಲ್ಲಿ ಕೂರಿಸಿಕೊಂಡು ಕ್ಯಾನನ್ ಮೇಲೆ ಕ್ಯಾನನ್ ಆಡಿ 4,99,135ರ ಬ್ರೇಕ್ (ಒಂದೇ ಸರದಿಯಲ್ಲಿ ಗಳಿಸಿದ ಅಂಕ) ಮಾಡಿದ, ವಾರಗಟ್ಟಲೆ. ಆ ತಂತ್ರವನ್ನೇ ನಿಷೇಧಿಸಿದರು. 1932ರಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 4,137 ಹೊಡೆದ. ಆಗ ಎದುರಿಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವನು ಜೋ ಡೇವಿಸ್, 1927ರ ಮೊದಲ ವಿಶ್ವ ಸ್ನೂಕರ್ ಚಾಂಪಿಯನ್. ಒಬ್ಬನೇ ಗಂಟೆಗಟ್ಟಲೆ ಆಡುವುದನ್ನು ನೋಡಲು ಜನ ಎಷ್ಟು ದಿನ ಟಿಕೆಟ್ ತೆಗೆದುಕೊಳ್ಳುತ್ತಾರೆ? ಸ್ನೂಕರ್‌ನಲ್ಲಿ ಬಣ್ಣ ಇತ್ತು, ಫ್ರೇಮ್ (ಒಂದು ಸುತ್ತಿನ ಆಟ) ಬೇಗ ಮುಗಿಯುತ್ತಿತ್ತು. 1969ರಲ್ಲಿ ಬಿಬಿಸಿ ಬಣ್ಣದ ಟಿವಿಗೆ ಸ್ನೂಕರ್ ಆರಿಸಿಕೊಂಡ ಮೇಲೆ ಬಿಲಿಯರ್ಡ್ಸ್ ಪೂರ್ತಿ ಹಿಂದೆ ಸರಿಯಿತು.

ಆದರೆ ನಮ್ಮ ದೇಶದಲ್ಲಿ ಕಥೆ ಬೇರೆ. ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದರು. ಆಮೇಲೆ ಮೈಕೆಲ್ ಫೆರೇರಾ, ಗೀತ್ ಸೇಥಿ. ಸ್ನೂಕರ್ ಹುಟ್ಟಿದ್ದೂ ಇಲ್ಲೇ, 1875ರಲ್ಲಿ ಜಬಲ್ಪುರದ ಸೇನಾ ಮೆಸ್‌ನಲ್ಲಿ, ನೆವಿಲ್ ಚೇಂಬರ್ಲೇನ್ ಅನ್ನುವ ಅಧಿಕಾರಿಯಿಂದ (ಪ್ರಧಾನಿ ಆಗಿದ್ದವರಲ್ಲ, ಬೇರೆಯವರು). ಅದರ ನಿಯಮಗಳು ಗೋಡೆಗೆ ಬಂದದ್ದು ನಮ್ಮ ಮೈಸೂರಿನಿಂದ ಘಾಟಿ ಹತ್ತಿದರೆ ಸಿಗುವ ಊಟಿ ಕ್ಲಬ್‌ನಲ್ಲಿ.

ಇನ್ನು ಬೆಂಗಳೂರಿನ ಪಂಕಜ್ ಅಡ್ವಾಣಿ. ಅರವಿಂದ್ ಸವೂರ್ ಅವರ ಹತ್ತಿರ ಕಲಿತು 2003ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು, 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಅಂಕದ ಮಾದರಿ, ಸಮಯದ ಮಾದರಿ ಎರಡನ್ನೂ ಗೆದ್ದರು. 2006 ಮತ್ತು 2010ರ ಏಷ್ಯನ್ ಗೇಮ್ಸ್‌ನಲ್ಲಿ ಬಿಲಿಯರ್ಡ್ಸ್ ಚಿನ್ನ. 2024ರ ನವೆಂಬರ್‌ನಲ್ಲಿ ದೋಹಾದಲ್ಲಿ 28ನೆಯ ವಿಶ್ವ ಪ್ರಶಸ್ತಿ. ಎರಡು ಆಟ ಬೆರೆಸಿದರೆ ಕೈ ಕೆಡುತ್ತದೆ ಅನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ. ಮಗಳಿಗೆ ಇನ್ನೊಂದು ಹೆಸರೂ ಹೇಳಿ, ಕರ್ನಾಟಕದ ಆರ್. ಉಮಾದೇವಿ, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್. ಹಾಗೇ ನಮ್ಮ ವಿದ್ಯಾ ಪಿಳ್ಳೈ, 2017ರ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಕೊನೆಯ ಫ್ರೇಮ್‌ವರೆಗೆ ಹೋರಾಡಿ 6-5ರಲ್ಲಿ ಸೋತವರು.

ಸೋಲ್‌ನಿಂದ ಸಂತು:

ದೂರದಿಂದ ಒಂದು ಮಾತು. ಇಲ್ಲಿ ಕೊರಿಯಾದಲ್ಲಿ ಪಾಕೆಟ್ ಇಲ್ಲದ ಮೇಜೇ ಜಾಸ್ತಿ, ಕ್ಯಾರಮ್ ಅನ್ನುತ್ತಾರೆ. ಆಫೀಸಿನವರು ಮೊದಲ ಸಲ ಕರೆದುಕೊಂಡು ಹೋದಾಗ ಚೆಂಡನ್ನು ಎಲ್ಲಿ ಹಾಕಬೇಕು ಅಂತಲೇ ಹುಡುಕುತ್ತಿದ್ದೆ. ಪೂರ್ತಿ ಕ್ಯಾನನ್‌ಗಳ ಆಟ ಇದು. ತ್ರೀ ಕುಷನ್ ಅನ್ನುವ ಬಗೆಯಲ್ಲಿ ನಿಮ್ಮ ಚೆಂಡು ಎರಡನೆಯ ಚೆಂಡಿಗೆ ತಾಗುವ ಮೊದಲು ಕನಿಷ್ಠ ಮೂರು ಸಲ ಕುಷನ್‌ಗೆ ಬಡಿದಿರಬೇಕು, ಆಗ ಒಂದು ಅಂಕ. ಮೇಜು 10 ಅಡಿಯದು, ಚೆಂಡು 61.5 ಮಿಲಿಮೀಟರ್, ಪೂಲ್ ಚೆಂಡಿಗಿಂತಲೂ ದೊಡ್ಡದು. ಟೂರ್ನಿ ಮೇಜುಗಳ ಕಲ್ಲನ್ನು ಕೆಳಗಿನಿಂದ ಬಿಸಿ ಮಾಡಿರುತ್ತಾರೆ, ಬಟ್ಟೆಯಲ್ಲಿ ತೇವ ಉಳಿಯಬಾರದು ಅಂತ, ಹಾಗಾಗಿ ಚೆಂಡು ಓಡುತ್ತಲೇ ಇರುತ್ತದೆ. ವಿಯೆಟ್ನಾಮ್, ಟರ್ಕಿ, ಬೆಲ್ಜಿಯಂ, ನೆದರ್‌ಲೆಂಡ್ಸ್‌ನಲ್ಲೂ ಇದಕ್ಕೆ ದೊಡ್ಡ ಜನಪ್ರಿಯತೆ ಇದೆ. ಊರಿನ ಕ್ಲಬ್‌ನಲ್ಲಿ ಬಿಲಿಯರ್ಡ್ಸ್ ಆಡುತ್ತಿದ್ದ ನನಗೆ ಇಲ್ಲಿ ಕೈ ಕೂಡಲು ಹೆಚ್ಚು ಕಾಲ ಬೇಕಾಗಲಿಲ್ಲ, ಸ್ನೂಕರ್ ಮಾತ್ರ ಆಡಿದ್ದ ಗೆಳೆಯ ತುಂಬಾ ಒದ್ದಾಡಿದ. ಇನ್-ಆಫ್ ಪ್ರೇಮಿ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ದಾವಣಗೆರೆ ಅಪ್ಪ:

ಎಲ್ಲರಿಗೂ ತುಂಬಾ ಧನ್ಯವಾದ. ಕುಷನ್ ಪಕ್ಕದ ಚೆಂಡಿನ ಪ್ರಯೋಗ ಮಾಡಿಸಿದೆ, ಎರಡೂ ಮೇಜಿನ ಮೇಲೆ. ಮಗಳು ಪೂಲ್ ಬಿಟ್ಟು ಸ್ನೂಕರ್ ಮೇಜಿನ ಮೂಲೆಯಲ್ಲೇ ನಿಂತುಬಿಟ್ಟಳು, ಬೀಳುವವರೆಗೂ ಬರಲ್ಲ ಅಂತ. ಈಗ ಇನ್ನೊಂದು ಪ್ರಶ್ನೆ. ಅಲ್ಲಿರುವ ಕೋಲುಗಳೆಲ್ಲ ಸೊಟ್ಟ, ತುದಿಯ ಚರ್ಮದ ಟಿಪ್ ಸವೆದು ಹೋಗಿವೆ. ಸ್ವಂತದ್ದು ಕೊಡಿಸಬೇಕು. ಒಂದೇ ಕ್ಯೂ ಎಲ್ಲ ಆಟಕ್ಕೂ ನಡೆಯುತ್ತದಾ?

ಹಸಿರು ಮೇಜು:

ಸ್ನೂಕರ್, ಬಿಲಿಯರ್ಡ್ಸ್ ಎರಡಕ್ಕೂ ಒಂದೇ ಸಾಕು. ಪೂಲ್‌ಗೆ ಅದನ್ನು ಬಳಸಬೇಡಿ. ಸ್ನೂಕರ್ ಕ್ಯೂವಿನ ಟಿಪ್ 9ರಿಂದ 10 ಮಿಲಿಮೀಟರ್, ಪೂಲ್‌ನದು 12-13. ಪೂಲ್ ಚೆಂಡು ದೊಡ್ಡದು, ಭಾರ, ಅದರ ಮೇಲೆ ಸಣ್ಣ ಟಿಪ್ಪಿನಿಂದ ಬ್ರೇಕ್ ಹೊಡೆದರೆ ಟಿಪ್ ಬೇಗ ಹಾಳಾಗುತ್ತದೆ. ಪಾರ್ಲರ್‌ನಲ್ಲಿರುವ ಪೂಲ್ ಕ್ಯೂವನ್ನೇ ಅದಕ್ಕೆ ತೆಗೆದುಕೊಳ್ಳಲಿ.

ಕೊಳ್ಳುವಾಗ ಆಶ್ ಮರದ್ದು ನೋಡಿ. ಅದರಲ್ಲಿ ಎಳೆಗಳು ಬಾಣದ ಹಾಗೆ ಸಾಲಾಗಿ ಕಾಣುತ್ತವೆ, ಆ ಗುರುತನ್ನು ಪ್ರತಿ ಸಲ ಮೇಲ್ಮುಖ ಇಟ್ಟುಕೊಂಡರೆ ಕೋಲು ಕೈಯಲ್ಲಿ ಒಂದೇ ಥರ ಕೂರುತ್ತದೆ. ಅಂಗಡಿಯಲ್ಲೇ ಮೇಜಿನ ಮೇಲೆ ಉರುಳಿಸಿ ನೋಡಿ, ತುದಿ ಕುಣಿದರೆ ಬೇಡ. ದುಬಾರಿಯದ್ದು ಈಗಲೇ ಬೇಡ, ಅವಳು ಇನ್ನೂ ಎತ್ತರ ಆಗುತ್ತಾಳೆ. ಮನೆಯಲ್ಲಿ ಗೋಡೆಗೆ ಒರಗಿಸಿ ಇಡಬೇಡಿ, ಬಾಗುತ್ತದೆ, ಡಬ್ಬಿಯಲ್ಲಿ ಹಾಕಿಡಿ.

ಇನ್ನು ಕೋಚಿಂಗ್. ಬೆಂಗಳೂರಿಗೆ ಬಂದಾಗ ವಸಂತನಗರದಲ್ಲಿರುವ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ, ಅಡ್ವಾಣಿ ಬೆಳೆದ ಜಾಗ ಅದು. ರಜೆ ಶುರುವಾಗುವ ಮೊದಲೇ ಫೋನ್ ಮಾಡಿ ಮಕ್ಕಳಿಗೆ ಏನಿದೆ ಅಂತ ವಿಚಾರಿಸಿ. ಅಲ್ಲಿಯವರೆಗೆ ದಿನಾ ಒಂದು ಅಭ್ಯಾಸ ಮಾಡಿಸಿ: ಬ್ರೌನ್ ಚೆಂಡಿನ ಜಾಗದಲ್ಲಿ ಬಿಳಿ ಇಟ್ಟು, ಮೇಜಿನ ನಡುಗೆರೆಯ ಮೇಲೆ ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲಿಂದ ನೇರವಾಗಿ ಹೊಡೆಯಬೇಕು, ಆ ತುದಿಯ ಕುಷನ್‌ಗೆ ಬಡಿದು ಅದೇ ಗೆರೆಯಲ್ಲಿ ವಾಪಸ್ ಬಂದು ಕ್ಯೂವಿನ ಟಿಪ್ಪಿಗೇ ತಾಗಬೇಕು. ಪಕ್ಕಕ್ಕೆ ಹೋಯಿತು ಅಂದರೆ ಗೊತ್ತಿಲ್ಲದೆ ಸೈಡ್ ಬಿದ್ದಿದೆ ಅಂತ ಅರ್ಥ. ಕೊನೆಗೆ ಅರ್ಧ ಗಂಟೆ ಮೂರೇ ಚೆಂಡು ಇಟ್ಟು ಬಿಲಿಯರ್ಡ್ಸ್ ಆಡಿಸಿ, ಇನ್-ಆಫ್ ಪ್ರೇಮಿ ಹೇಳಿದ್ದು ಸರಿ ಇದೆ. ಭಾನುವಾರ ಕಸಿನ್‌ಗಳ ಜೊತೆ ಪೂಲ್ ಆಡಿಕೊಳ್ಳಲಿ.